ಹಿಮ ಬೀಳುವ ಮೊದಲು

ಕಳೆದ ಓಣಂ ರಜೆಯಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಲು ಮನೆಗೆ ಬಂದಿದ್ದಳು. ಹದಿನೈದು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಕಿಟಕಿ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದವಳು. ಈಗ ಜರ್ಮನಿಯ ದಕ್ಷಿಣ ಭಾಗದ ಒಂದು ಊರಿನಲ್ಲಿ ಆಸ್ಪತ್ರೆಯ ದಾದಿ. ನಮ್ಮ ಮನೆ ರಸ್ತೆಯಿಂದ ಕೆಳಗೆ, ತೋಟದ ಅಂಚಿನಲ್ಲಿದೆ. ಕೆಂಪು ಕಲ್ಲಿನ ಮೂವತ್ತೆರಡು ಮೆಟ್ಟಿಲು ಇಳಿದು ಬರಬೇಕು. ಅಂಗಳಕ್ಕೆ ಕಾಲಿಟ್ಟವಳೇ, "ಟೀಚರೇ, ಈ ಮೆಟ್ಟಿಲುಗಳನ್ನು ಅಲ್ಲಿಗೆ ಹೊತ್ತುಕೊಂಡು ಹೋಗಲು ಆಗುತ್ತಿದ್ದರೆ ನಾನು ದುಡ್ಡು ಕೊಟ್ಟು ಸೈಕಲ್ ತೆಗೆಯುತ್ತಲೇ ಇರಲಿಲ್ಲ" ಎಂದು ನಕ್ಕಳು. ಮೆಟ್ಟಿಲಿಗೂ ಸೈಕಲ್ಲಿಗೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಚಹಾ ಕುಡಿಯುತ್ತ ಅವಳು ಹೇಳಿದ ವಿಷಯವನ್ನು ಈ ವಾರ್ಷಿಕ ಸಂಚಿಕೆಯ ಓದುಗರಾದ ವಿದ್ಯಾರ್ಥಿಗಳ ಮತ್ತು ಅವರ ಹೆತ್ತವರ ಮುಂದೆ ಇಡಬೇಕೆಂದು ಆ ದಿನವೇ ನಿಶ್ಚಯಿಸಿದೆ.

ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ಜೊತೆಯ ದಾದಿಯರು ಅವಳನ್ನು ಆಲ್ಪ್ಸ್ ಪರ್ವತದ ಒಂದು ಇಳಿಜಾರಿಗೆ ಸ್ಕೀ ಆಟಕ್ಕೆ ಕರೆದುಕೊಂಡು ಹೋದರಂತೆ. ಸ್ಕೀ ಬಾಡಿಗೆಗೆ, ಬೂಟೂ ಬಾಡಿಗೆಗೆ. ಚಿಕ್ಕ ಮಕ್ಕಳು ಕಲಿಯುವ ಜಾಗದಲ್ಲಿ ಒಂದು ದಿನ ಜಾರಿ, ಬಿದ್ದು, ಎದ್ದು ಬಂದಳು. ಬಿದ್ದದ್ದರಿಂದ ಏನೂ ಆಗಲಿಲ್ಲ. ಆದರೆ ಮರುದಿನದಿಂದ ತೊಡೆಗಳು ಎಷ್ಟು ನೋಯತೊಡಗಿದವೆಂದರೆ, ಆಸ್ಪತ್ರೆಯ ಮೆಟ್ಟಿಲುಗಳನ್ನು ಅವಳು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಬೇಕಾಯಿತು. ಎರಡನೆಯ ವರ್ಷ ಹಾಗಾಗಬಾರದೆಂದು ಯಾರೋ ಮಾರಿದ ಹಳೆಯ ವ್ಯಾಯಾಮದ ಸೈಕಲ್ ಕೊಂಡು ತನ್ನ ಕೋಣೆಯಲ್ಲಿಟ್ಟು, ಅಕ್ಟೋಬರದಿಂದ ದಿನಕ್ಕೆ ಅರ್ಧ ಗಂಟೆ ತುಳಿದಳು. ಹಿಮದ ಮೇಲೆ ಹೋದಾಗ ಉಸಿರು ಕಟ್ಟಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ತೊಡೆ ಮಾತ್ರ ಮತ್ತೆ ಹಾಗೆಯೇ ನೋಯಿತು. ಇದು ಹೇಗೆ? ಮೂರು ತಿಂಗಳು ತುಳಿದದ್ದು ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಸ್ಕೀ ಎಂದರೇನೆಂದು ಸ್ವಲ್ಪ ತಿಳಿಯಬೇಕು. ಹಿಮದ ಮೇಲೆ ಕಾಲು ಹೂತುಹೋಗದಂತೆ ಪಾದಕ್ಕೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಯೇ ಸ್ಕೀ. ಉತ್ತರ ಯುರೋಪಿನ ಜನ ಸಾವಿರಾರು ವರ್ಷಗಳಿಂದ ಇದನ್ನು ಬಳಸಿದ್ದಾರೆ, ಆಟಕ್ಕಲ್ಲ, ಬೇಟೆಗೆ ಮತ್ತು ಊರಿಂದೂರಿಗೆ ಹೋಗುವುದಕ್ಕೆ. ಅದನ್ನು ಇಂದಿನ ಆಟದ ದಾರಿಗೆ ತಂದವರಲ್ಲಿ ಮುಖ್ಯನಾದವನು ನಾರ್ವೆ ದೇಶದ ಟೆಲೆಮಾರ್ಕ್ ಪ್ರಾಂತದ ಮೊರ್ಗೆಡಾಲ್ ಹಳ್ಳಿಯ ಸೊಂಡ್ರೆ ನೋರ್ಹೈಮ್ (1825-1897). ಸ್ವಂತ ಭೂಮಿಯಿಲ್ಲದ ಬಡ ಗೇಣಿದಾರ. ಹಿಮ್ಮಡಿಯನ್ನು ಸುತ್ತಿ ಹಿಡಿಯುವ ಬಿಗಿಕಟ್ಟು ಮಾಡಿಕೊಂಡು, ಕಾಲು ಕಳಚದೆ ಜಿಗಿಯಬಹುದು, ತಿರುಗಬಹುದು ಎಂದು ತೋರಿಸಿದ. 1868ರಲ್ಲಿ ಈಗಿನ ಓಸ್ಲೋ ಆಗಿರುವ ಕ್ರಿಸ್ಟಿಯಾನಿಯಾ ನಗರದ ಸ್ಪರ್ಧೆಯಲ್ಲಿ ತನಗಿಂತ ಎಷ್ಟೋ ಕಿರಿಯರ ನಡುವೆ ನಿಂತಾಗ ಅವನಿಗೆ ನಲವತ್ತೆರಡು ವರ್ಷ. ಅವನ ಮನೆಯಲ್ಲಿ ವ್ಯಾಯಾಮದ ಯಂತ್ರವಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಇಳಿಜಾರಿನ ಹಳ್ಳಿ, ಮೈಮುರಿಯುವ ಕೆಲಸ, ಇವೇ ಅವನ ಯಂತ್ರ.

ಈ ಆಟದಲ್ಲಿ ಎರಡು ದೊಡ್ಡ ಬಗೆಗಳಿವೆ. ಒಂದು, ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಜಾರುವುದು. ಇನ್ನೊಂದು, ಏರು-ತಗ್ಗುಗಳ ಬಯಲಿನಲ್ಲಿ ಕೋಲುಗಳನ್ನು ಊರುತ್ತ ಮೈಲಿಗಟ್ಟಲೆ ಹೋಗುವುದು. ಎರಡನೆಯದರಲ್ಲಿ ಕಾಲು, ತೋಳು, ಬೆನ್ನು, ಹೊಟ್ಟೆ ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ದೇಹವು ಒಂದು ನಿಮಿಷದಲ್ಲಿ ಎಷ್ಟು ಆಮ್ಲಜನಕವನ್ನು ಬಳಸಬಲ್ಲುದು ಎಂದು ಅಳೆಯುವ ಕ್ರಮವೊಂದಿದೆ. ಸಾಧಾರಣ ಆರೋಗ್ಯವಂತ ತರುಣನಲ್ಲಿ ಅದು ಒಂದು ಕಿಲೋ ತೂಕಕ್ಕೆ 40 ಮಿಲಿಲೀಟರಿನ ಆಸುಪಾಸು ಇದ್ದರೆ, ಈ ದೀರ್ಘ ಓಟದ ಸ್ಕೀಗಾರರಲ್ಲಿ 90ಕ್ಕೂ ಮೇಲೆ ದಾಖಲಾದದ್ದುಂಟು.

ಹಿಮವನ್ನೇ ಕಾಣದ ನಮಗೆ ಈ ಮಾತೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿಯೂ ಹಿಮವಿದೆ. ಕಾಶ್ಮೀರದ ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2650 ಮೀಟರ್ ಎತ್ತರದಲ್ಲಿದೆ. ಉತ್ತರಾಖಂಡದ ಔಲಿಯಲ್ಲಿಯೂ ಇಳಿಜಾರುಗಳಿವೆ. ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತದ ಏಕೈಕ ಕ್ರೀಡಾಪಟುವಾಗಿ ಧ್ವಜ ಹಿಡಿದು ನಡೆದರು. ಇನ್ನೂ ಹತ್ತಿರಕ್ಕೆ ಬರೋಣ. ನಮ್ಮ ಪೂರ್ವದ ಗುಡ್ಡಗಳಾಚೆ ಇರುವುದು ಕೊಡಗು. ಅಲ್ಲಿನ ಭವಾನಿ ತೆಕ್ಕಡ ನಂಜುಂಡ ಅವರು 2024ರಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ ನಡೆದ 5 ಕಿಲೋಮೀಟರ್ ಸ್ಕೀ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಆ ಸುದ್ದಿಯ ತುಣುಕನ್ನು ನಮ್ಮ ಗೋಡೆಪತ್ರಿಕೆಯಲ್ಲಿ ಅಂಟಿಸಿದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರೇ, ಕೊಡಗಿನಲ್ಲಿ ಮಳೆ ಮಾತ್ರ ಅಲ್ಲವಾ ಬೀಳುವುದು?" ಎಂದು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನನ್ನ ಈ ಲೇಖನದ ಬೇರು ಒಂದರ್ಥದಲ್ಲಿ ಅಲ್ಲಿಯೇ ಇದೆ. ಹಿಮವಿಲ್ಲದ ಊರಿನಲ್ಲಿ, ಹಿಮವಿಲ್ಲದ ತಿಂಗಳುಗಳಲ್ಲಿ ಈ ಆಟಗಾರರು ಏನು ಮಾಡುತ್ತಾರೆ?

ನಾರ್ವೆಯಲ್ಲಿಯೂ ಹಿಮ ವರ್ಷವಿಡೀ ಇರುವುದಿಲ್ಲ. ಬೇಸಗೆಯಲ್ಲಿ ಅಲ್ಲಿನ ಸ್ಪರ್ಧಿಗಳು ಮುಂದೆ ಹಿಂದೆ ಚಕ್ರಗಳಿರುವ ಗಿಡ್ಡ ಸ್ಕೀಗಳನ್ನು ಕಟ್ಟಿಕೊಂಡು ಡಾಮರು ರಸ್ತೆಯಲ್ಲಿ ಹೋಗುತ್ತಾರೆ, ಬೆಟ್ಟ ಹತ್ತುತ್ತಾರೆ, ಓಡುತ್ತಾರೆ. ಸ್ಪರ್ಧೆಗಲ್ಲದೆ ವರ್ಷಕ್ಕೊಂದು ವಾರ ಸಂತೋಷಕ್ಕೆಂದು ಹೋಗುವ ಗುಮಾಸ್ತ, ದಾದಿ, ಅಧ್ಯಾಪಕ ಮೊದಲಾದವರ ಪಾಡು ಬೇರೆ. ಅಕ್ಟೋಬರದಲ್ಲಿ ಅಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ, ಹೊರಗೆ ಚಳಿ. ಕೆಲಸ ಮುಗಿಸಿ ಬಂದವರು ಮನೆಯೊಳಗೇ ಏನಾದರೂ ಮಾಡಬೇಕು. ಯಂತ್ರ ಒಳಗೆ ಬಂದದ್ದು ಹೀಗೆ.

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಎಡ್ವರ್ಡ್ ಪೌಲ್ಸ್ ಎಂಬ ಯಂತ್ರಶಿಲ್ಪಿ ಇದ್ದರು. ಮಿನೆಸೋಟದ ಚಳಿಗಾಲ ಕಠೋರ. ಸ್ಕೀ ಓಟಕ್ಕೆ ಅಭ್ಯಾಸ ಮಾಡಬೇಕಾದರೆ ಮಂಜುಗಟ್ಟಿದ ದಾರಿಯಲ್ಲಿ ಕತ್ತಲಲ್ಲಿ ಓಡಬೇಕು. ಈ ಕಷ್ಟಕ್ಕೆ ಅವರು 1975ರ ಸುಮಾರಿಗೆ ತಾವೇ ಒಂದು ಯಂತ್ರ ಮಾಡಿದರು. ಎರಡು ಮರದ ಸ್ಕೀಗಳು ಉರುಳೆಗಳ ಮೇಲೆ ಹಿಂದೆ ಮುಂದೆ ಜಾರುತ್ತವೆ. ಕಾಲು ಹಿಂದಕ್ಕೆ ತಳ್ಳುವಾಗ ಮಾತ್ರ ಒಂದು ಭಾರದ ಚಕ್ರ ತಡೆ ಕೊಡುತ್ತದೆ. ಕೈಗಳಿಗೆ ಎಳೆಯಲು ಹಗ್ಗ. ನಾರ್ಡಿಕ್‌ಟ್ರ್ಯಾಕ್ ಎಂಬ ಹೆಸರಿನಲ್ಲಿ ಅದು ಮನೆಮನೆಗೆ ಮಾರಾಟವಾಯಿತು. 1986ರಲ್ಲಿ ಅವರು ಆ ಉದ್ಯಮವನ್ನು ಮಾರಿದರು. ಕೊಂಡ ಸಂಸ್ಥೆ 1998ರಲ್ಲಿ ದಿವಾಳಿ ಎದ್ದಿತು, ಹೆಸರು ಇನ್ನೊಬ್ಬರ ಕೈಗೆ ಹೋಯಿತು. ನನಗೆ ಇದರಲ್ಲಿ ಇಷ್ಟವಾಗುವ ವಿಷಯವೊಂದೇ. ಆ ಮನುಷ್ಯನಿಗೆ ಮೊದಲು ಒಂದು ಓಟದ ಗುರಿ ಇತ್ತು, ಆಮೇಲೆ ಯಂತ್ರ ಬಂತು. ಕೊಂಡವರಲ್ಲಿ ಎಷ್ಟೋ ಜನರಿಗೆ ಮೊದಲು ಯಂತ್ರ ಬಂತು, ಗುರಿ ಬರಲೇ ಇಲ್ಲ.

ಈಗ ನಮ್ಮ ದಾದಿಯ ತೊಡೆನೋವಿಗೆ ಬರುತ್ತೇನೆ. ಅವಳಿಗೆ ಇದನ್ನು ಬಿಡಿಸಿ ಹೇಳಿದವರು ಆಸ್ಪತ್ರೆಯ ವ್ಯಾಯಾಮ ಚಿಕಿತ್ಸೆಯ ವಿಭಾಗದವರು. ನಮ್ಮ ಸ್ನಾಯುಗಳು ಎರಡು ರೀತಿಯಲ್ಲಿ ದುಡಿಯುತ್ತವೆ. ಬಾವಿಯಿಂದ ಕೊಡಪಾನ ಮೇಲಕ್ಕೆ ಎಳೆಯುವಾಗ ತೋಳಿನ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ತುಂಬಿದ ಕೊಡವನ್ನು ತಲೆಯಿಂದ ಮೆಲ್ಲಗೆ, ಒಡೆಯದಂತೆ ನೆಲಕ್ಕಿಳಿಸುವಾಗ ಅದೇ ಸ್ನಾಯು ಹಿಗ್ಗುತ್ತ, ಭಾರವನ್ನು ತಡೆಯುತ್ತ ದುಡಿಯುತ್ತದೆ. ಮೆಟ್ಟಿಲು ಹತ್ತುವಾಗ ತೊಡೆಯದು ಮೊದಲನೆಯ ಕೆಲಸ, ಇಳಿಯುವಾಗ ಎರಡನೆಯದು. ಹತ್ತುವಾಗ ಏದುಸಿರು ಬರುವುದರಿಂದ ಅದೇ ಕಷ್ಟವೆಂದು ನಾವು ತಿಳಿಯುತ್ತೇವೆ. ಆದರೆ ಅಭ್ಯಾಸವಿಲ್ಲದ ಸ್ನಾಯುವಿನ ನಾರುಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗಲೇ. ಮರುದಿನ ಶುರುವಾಗಿ ಮೂರನೆಯ ದಿನದವರೆಗೆ ಏರುವ ಆ ನೋವು ಬೆಟ್ಟ ಹತ್ತಿ ಇಳಿದ ಎಲ್ಲರಿಗೂ ಗೊತ್ತು. ಇಳಿಜಾರಿನ ಸ್ಕೀಯಲ್ಲಿ ಮೊಣಕಾಲು ಬಗ್ಗಿಸಿ, ವೇಗವನ್ನೂ ದೇಹದ ಭಾರವನ್ನೂ ತೊಡೆಯಿಂದಲೇ ತಡೆಯುತ್ತ ಹೋಗಬೇಕು. ಎಂದರೆ ದಿನವಿಡೀ ತುಂಬಿದ ಕೊಡ ಇಳಿಸುವ ಕೆಲಸ! ವ್ಯಾಯಾಮದ ಸೈಕಲ್ಲಿನಲ್ಲಿಯಾದರೋ ಕಾಲು ತುಳಿಯುವುದು ಮಾತ್ರ, ತಡೆಯುವುದು ಇಲ್ಲವೆಂದೇ ಹೇಳಬೇಕು. ಅದು ಹೃದಯಕ್ಕೆ, ಶ್ವಾಸಕೋಶಕ್ಕೆ, ದಣಿವು ತಾಳುವುದಕ್ಕೆ ಬಹಳ ಒಳ್ಳೆಯದು. ಅವಳ ಉಸಿರು ಕಟ್ಟದಿದ್ದದ್ದು ಆ ಸೈಕಲ್ಲಿನ ಪುಣ್ಯ. ಇಳಿಯುವ ಕೆಲಸವನ್ನು ಅದು ಕಲಿಸಲಿಲ್ಲ, ಅಷ್ಟೇ.

ಸ್ನಾಯುವಿನ ಇನ್ನೊಂದು ಗುಣ ನನಗೆ ಅಧ್ಯಾಪಕಿಯಾಗಿ ಬಹಳ ಹಿಡಿಸಿತು. ಇಳಿಯುವ ಕೆಲಸವನ್ನು ಒಮ್ಮೆ ಸ್ವಲ್ಪವಾಗಿ ಮಾಡಿಸಿದರೆ, ಮುಂದಿನ ಕೆಲವು ವಾರ ಅದೇ ಕೆಲಸ ಅಷ್ಟು ನೋಯಿಸುವುದಿಲ್ಲ. ದೇಹ ಪಾಠವನ್ನು ನೆನಪಿಡುತ್ತದೆ. ಆದ್ದರಿಂದ ಹಿಮಕ್ಕೆ ಹೋಗುವ ಆರು ಎಂಟು ವಾರ ಮೊದಲೇ ಮೆಲ್ಲಗೆ ಬಸ್ಕಿ, ಒಂದು ಕಾಲು ಮುಂದಿಟ್ಟು ಮೊಣಕಾಲು ಬಗ್ಗಿಸುವುದು, ಎತ್ತರದ ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವುದು, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದು, ಒಂಟಿಕಾಲಲ್ಲಿ ಸಮತೋಲನ, ಇವನ್ನು ಅಭ್ಯಾಸ ಮಾಡುತ್ತಾರೆ. ಈಗಿನ ಸ್ಕೀ ಬೂಟಿನ ಬಿಗಿಕಟ್ಟು ಬಿದ್ದಾಗ ತಾನೇ ಕಳಚಿಕೊಳ್ಳುವಂತೆ ಮಾಡಿರುವುದರಿಂದ ಕಣಕಾಲಿನ ಎಲುಬು ಮುರಿಯುವುದು ಹಿಂದಿಗಿಂತ ತುಂಬ ಕಡಿಮೆಯಾಗಿದೆ. ಮೊಣಕಾಲಿನೊಳಗಿನ ಕಟ್ಟು ಹರಿಯುವ ಅಪಾಯ ಮಾತ್ರ ಹೋಗಿಲ್ಲ. ಗಟ್ಟಿಯಾದ ತೊಡೆ ಅದಕ್ಕೆ ಒಂದು ಮಟ್ಟಿನ ಆಸರೆ.

ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳಲ್ಲಿ ಈ ಅಭ್ಯಾಸಕ್ಕೆ ಸ್ಕೀ ಗಿಮ್ನಾಸ್ಟಿಕ್ ಎಂದೇ ಹೆಸರು. ಶರತ್ಕಾಲದ ಸಂಜೆಗಳಲ್ಲಿ ಊರಿನ ಜನ ಕ್ರೀಡಾ ಸಂಘದ ಮೂಲಕ ಒಟ್ಟುಸೇರಿ ಇದನ್ನು ಮಾಡುತ್ತಾರೆ, ಎಷ್ಟೋ ಕಡೆ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿಯೇ. ಮೂರನೆಯ ವರ್ಷ ನಮ್ಮ ಹುಡುಗಿ ಅಲ್ಲಿ ಹೆಸರು ಕೊಟ್ಟಳು. ಮನೆಯಲ್ಲಿ ಸೈಕಲ್, ಬುಧವಾರ ಸಂಜೆ ಹಾಲ್. ಆ ಚಳಿಗಾಲ ಮೂರು ದಿನ ಇಳಿಜಾರಿನಲ್ಲಿದ್ದು, ನಾಲ್ಕನೆಯ ದಿನ ನೆಟ್ಟಗೆ ನಡೆದು ಕೆಲಸಕ್ಕೆ ಹೋದಳು.

ಇಲ್ಲಿಯವರೆಗೆ ಕಥೆ ಸುಖವಾಗಿಯೇ ಇತ್ತು. ಹೊರಡುವ ಹೊತ್ತಿಗೆ ಅವಳು ಹೇಳಿದ ಮಾತೊಂದು ನನ್ನನ್ನು ಕುಟುಕಿತು. "ಮೊದಲ ದಿನ ಆ ಹಾಲ್‌ನಲ್ಲಿ ಕಲಿಸುವವರು, ಎಲ್ಲರೂ ಮೂರು ಸುತ್ತು ಓಡಿ ಎಂದರು ಟೀಚರೇ. ಅಷ್ಟು ಹೇಳಿದ್ದೇ, ನಾನು ಏನು ತಪ್ಪು ಮಾಡಿದೆ ಅಂತ ಮನಸ್ಸಿಗೆ ಬಂತು." ನಾನು ನಕ್ಕೆ. ಅವಳು ಅಷ್ಟಾಗಿ ನಗಲಿಲ್ಲ. "ನಿಮಗೆ ನೆನಪುಂಟಾ, ಪದ್ಯ ಬಾಯಿಪಾಠ ಬರಲಿಲ್ಲ ಅಂತ ನೀವು ನನ್ನನ್ನು ಮೈದಾನಕ್ಕೆ ಮೂರು ಸುತ್ತು ಓಡಿಸಿದ್ದಿರಿ."

ನನಗೆ ನೆನಪಿರಲಿಲ್ಲ. ಓಡಿಸಿದವರಿಗೆ ನೆನಪಿರುವುದಿಲ್ಲ.

ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಮೇಲೆ ನಾನು ಬರೆದ ಅಭ್ಯಾಸಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಬಸ್ಕಿ, ಇಲ್ಲದ ಕುರ್ಚಿ, ಒಂಟಿಕಾಲು, ಮೈದಾನದ ಸುತ್ತು. ನಾನು ಕನ್ನಡ ಶಾಲೆಯಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮಾಡಿ, ಮಲಯಾಳದಲ್ಲಿಯೂ ಕಲಿತವಳು. ಎರಡು ಭಾಷೆಯ ಶಾಲೆಗಳಲ್ಲಿಯೂ ಇವುಗಳಿಗೆ ಒಂದೇ ಹೆಸರಿತ್ತು: ಶಿಕ್ಷೆ. ಅಲ್ಲಿ ಜನ ಹಣ ಕೊಟ್ಟು, ಕೆಲಸ ಮುಗಿಸಿ ಬಂದು, ನಗುತ್ತ ಮಾಡುವುದನ್ನು ನಾವು ಇಲ್ಲಿ ಮನೆಪಾಠ ತಾರದವನಿಗೆ, ತಡವಾಗಿ ಬಂದವಳಿಗೆ ಕೊಟ್ಟೆವು. ವಿಚಿತ್ರವೆಂದರೆ, ಈಗ ಎಲ್ಲ ಕಡೆ ಕಾಣುವ ಟ್ರೆಡ್‌ಮಿಲ್ ಎಂಬ ಓಡುವ ಯಂತ್ರದ ಹೆಸರೂ ಸೆರೆಮನೆಯಿಂದಲೇ ಬಂದದ್ದು. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಯಂತ್ರಶಿಲ್ಪಿ ಕೈದಿಗಳಿಗಾಗಿ ಒಂದು ದೊಡ್ಡ ಮೆಟ್ಟಿಲು ಚಕ್ರ ಮಾಡಿದ. ಕೈದಿಗಳು ಅದರ ಮೇಲೆ ದಿನಕ್ಕೆ ಹಲವು ಗಂಟೆ ಹತ್ತುತ್ತಲೇ ಇರಬೇಕು, ಎಲ್ಲಿಗೂ ಮುಟ್ಟುವಂತಿಲ್ಲ. ಕೆಲವು ಕಡೆ ಆ ಚಕ್ರ ಧಾನ್ಯ ಬೀಸಿತು, ಕೆಲವು ಕಡೆ ಬರಿಯ ಗಾಳಿಯನ್ನು ಬೀಸಿತು. 1898ರ ಕಾಯಿದೆಯಿಂದ ಅದು ಅಲ್ಲಿ ನಿಂತಿತು. ಸೆರೆಮನೆಯ ಚಕ್ರವನ್ನು ಮನುಷ್ಯ ಆರೋಗ್ಯದ ಸಾಧನವಾಗಿ ಮಾಡಿಕೊಂಡ. ಆರೋಗ್ಯದ ಸಾಧನವಾದ ಮೈದಾನವನ್ನು ನಾವು ಸೆರೆಮನೆಯ ಚಕ್ರವಾಗಿ ಮಾಡಿದೆವು. 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೆ ಬೆತ್ತವೇನೋ ಹೋಯಿತು. ಸುತ್ತು ಓಡಿಸುವುದು, ಬಸ್ಕಿ ಹೊಡೆಸುವುದು ಶಿಕ್ಷೆಯಲ್ಲ, 'ವ್ಯಾಯಾಮ' ಎಂಬ ನೆಪದಲ್ಲಿ ಇನ್ನೂ ಎಷ್ಟೋ ಕಡೆ ಉಳಿದಿದೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹತ್ತನೆಯ ತರಗತಿಯ ಪಿ.ಟಿ. ಪಿರಿಯಡ್‌ಗಳನ್ನು ನಾನು ಎಷ್ಟು ಸಲ ಕೇಳಿ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ. ಜನವರಿಯೊಳಗೆ ಪಾಠ ಮುಗಿಯಬೇಕು, ಮಾರ್ಚಿಯಲ್ಲಿ ಪರೀಕ್ಷೆ. ಗಣಿತದವರು ಒಂದು ಕೇಳಿದರೆ ಕನ್ನಡದವಳು ಒಂದು ಕೇಳಿದಳು. ಹೆತ್ತವರೂ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ, "ಆಟಕ್ಕೆ ಬಿಟ್ಟದ್ದು ಸಾಕು ಟೀಚರ್, ಎ ಪ್ಲಸ್ ಬರಲಿ" ಎಂದೇ ಹೇಳಿದರು. ಯಾರೂ ಬೇಡವೆನ್ನಲಿಲ್ಲ. ಮಕ್ಕಳು ಬೇಡವೆಂದಿರಬಹುದು, ನಾವು ಕೇಳಲಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸೂಚನೆಯಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಿಸಿಯಾಗುವ ಚಟುವಟಿಕೆ ಬೇಕು. ನಮ್ಮ ಮಕ್ಕಳ ದಿನವನ್ನು ನೋಡಿ. ಹಿಂದೆ ಗುಡ್ಡೆ ಹತ್ತಿ ಇಳಿದು ಎರಡು ಮೈಲಿ ನಡೆದು ಬರುತ್ತಿದ್ದ ದಾರಿಯಲ್ಲಿ ಈಗ ಶಾಲಾ ವಾಹನ ಮನೆಯ ಗೇಟಿನವರೆಗೆ ಬರುತ್ತದೆ. ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ, ಮಳೆಗೆ ನೆನೆದ ಧರೆಯಲ್ಲಿ ಅದೇ ಹಾಳೆಯಿಂದ ಜಾರುವ ಆಟವನ್ನು (ನಮ್ಮ ಊರಿನ ಸ್ಕೀ ಎಂದರೆ ಅದೇ!) ಈಗಿನ ಎಂಟನೆಯ ತರಗತಿಯಲ್ಲಿ ಆಡಿದವರು ಎಷ್ಟು ಮಂದಿ ಎಂದು ಕೇಳಿದೆ. ಆರು ಕೈಗಳು ಎದ್ದವು.

ಆದರೂ ಮನೆಗಳಿಗೆ ಯಂತ್ರಗಳು ಬರುತ್ತಿವೆ. ನಮ್ಮ ಮನೆಯಲ್ಲಿಯೂ ಒಂದಿದೆ. ಗಲ್ಫಿನಲ್ಲಿರುವ ನನ್ನ ತಮ್ಮ ಅಮ್ಮನ ಸಕ್ಕರೆ ಕಾಯಿಲೆಗೂ ನನ್ನ ಮೊಣಕಾಲಿಗೂ ಒಳ್ಳೆಯದೆಂದು ವ್ಯಾಯಾಮದ ಸೈಕಲ್ ತೆಗೆಸಿಕೊಟ್ಟ. ಮೊದಲ ತಿಂಗಳು ಸರದಿ ಹಿಡಿದು ತುಳಿದೆವು. ಎರಡನೆಯ ತಿಂಗಳು ಆಟಿಯ ಮಳೆ ಹಿಡಿಯಿತು, ಬಟ್ಟೆ ಒಣಗಲು ಜಾಗವಿಲ್ಲದಾಯಿತು. "ಒಳ್ಳೆಯ ಸಾಮಾನು, ಎರಡು ಸೀರೆ ಹಿಡಿಯುತ್ತದೆ" ಎಂದು ಅಮ್ಮ ತಮ್ಮನಿಗೆ ಫೋನಿನಲ್ಲಿ ಹೇಳಿದ್ದು ವ್ಯಂಗ್ಯಕ್ಕಲ್ಲ, ಸಂತೋಷಕ್ಕೇ. ಊರಿನ ಎಷ್ಟೋ ಜಗಲಿಗಳಲ್ಲಿ ಇಂಥ ಯಂತ್ರಗಳು ಹೀಗೆಯೇ ಬಟ್ಟೆ ಹೊತ್ತು ನಿಂತಿರುವುದನ್ನು ಕಂಡಿದ್ದೇನೆ.

ಯಂತ್ರವನ್ನು ನಾನು ಹಳಿಯುತ್ತಿಲ್ಲ. ಕತ್ತಲೆಯ ಚಳಿನಾಡಿನಲ್ಲಿ ಒಬ್ಬಂಟಿಯಾಗಿರುವ ದಾದಿಗೆ ಅದು ನಿಜವಾಗಿ ನೆರವಾಯಿತು. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ವಯಸ್ಸಾದವರಿಗೂ ನೆರವಾಗುತ್ತದೆ. ಆದರೆ ಅವಳಿಗೆ ಡಿಸೆಂಬರಿನಲ್ಲಿ ಒಂದು ಬೆಟ್ಟ ಕಾದಿತ್ತು. ಇಂಥ ದಿನ, ಇಂಥ ಕೆಲಸಕ್ಕೆ ಮೈ ಸಿದ್ಧವಾಗಬೇಕು ಎಂಬ ಲೆಕ್ಕವಿತ್ತು. ನಮ್ಮಲ್ಲಿಯೂ ಆ ಲೆಕ್ಕ ಇಲ್ಲದಿಲ್ಲ. ಕಂಬಳದ ಕೋಣಗಳನ್ನು ಓಡಿಸುವವನು ಕೆಸರಿಗಿಳಿಯುವ ಮೊದಲೇ ಮೈ ಹದಗೊಳಿಸುತ್ತಾನೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನದ ಪುಂಡುವೇಷಧಾರಿ ಮುಂದಿನ ತಿರುಗಾಟಕ್ಕೆ ಕಾಲನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುತ್ತಾನೆ. ಶಾಲೆಯ ಮಕ್ಕಳಿಗೆ ಮಾತ್ರ ನಾವು ಜುಲೈಯಲ್ಲಿ ಏನೂ ಮಾಡಿಸದೆ, ಕ್ರೀಡಾಕೂಟದ ಹಿಂದಿನ ದಿನ, "ನಾಳೆ ನಾಲ್ಕುನೂರು ಮೀಟರಿಗೆ ಯಾರು ಹೆಸರು ಕೊಡುತ್ತೀರಿ?" ಎಂದು ಕೇಳುತ್ತೇವೆ. ಓಡಿ ಬಂದು ಮೈದಾನದಲ್ಲಿ ವಾಂತಿ ಮಾಡಿದ ಹುಡುಗನಿಗೆ ನಿಂಬೆ ಶರಬತ್ತು ಕೊಟ್ಟು ಪ್ರೋತ್ಸಾಹಿಸಿದೆವೆಂದು ತಿಳಿಯುತ್ತೇವೆ.

ಈ ವರ್ಷ ನಾನು ಎರಡು ಕೆಲಸ ಮಾಡಿದ್ದೇನೆ. ಹತ್ತನೆಯ ತರಗತಿಯ ಪಿ.ಟಿ. ಪಿರಿಯಡ್ ಇನ್ನು ಕೇಳುವುದಿಲ್ಲವೆಂದು ಮುಖ್ಯೋಪಾಧ್ಯಾಯರಿಗೆ ಬರೆದು ಕೊಟ್ಟಿದ್ದೇನೆ. ಸ್ಟಾಫ್ ರೂಮಿನಲ್ಲಿ ಒಬ್ಬಿಬ್ಬರು ನಕ್ಕರು, ಒಬ್ಬರು ತಾವೂ ಸಹಿ ಹಾಕಿದರು. ಎರಡನೆಯದಾಗಿ, ಬುಧವಾರ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ, ಬರುವ ಮಕ್ಕಳ ಜೊತೆ ನಾನೂ ಮೈದಾನದಲ್ಲಿರುತ್ತೇನೆ. ಸ್ಪರ್ಧೆಯಲ್ಲ, ಅಂಕವಿಲ್ಲ, ಸೀಟಿಯೂ ಇಲ್ಲ. ಶಾಲೆಯ ಹಿಂದಿನ ಮೆಟ್ಟಿಲುಗಳನ್ನು ಹತ್ತುವುದು, ಅದಕ್ಕಿಂತ ನಿಧಾನವಾಗಿ ಇಳಿಯುವುದು, ಗೋಡೆಗೊರಗಿ ಇಲ್ಲದ ಕುರ್ಚಿಯಲ್ಲಿ ಕೂರುವುದು. ಕುರ್ಚಿಯಲ್ಲಿ ನಾನು ಇಪ್ಪತ್ತು ಎಣಿಸುವಷ್ಟರಲ್ಲಿ ಏಳುತ್ತೇನೆ, ಏಳನೆಯ ತರಗತಿಯ ಹುಡುಗಿಯೊಬ್ಬಳು ನೂರರವರೆಗೆ ಕೂತು ನನ್ನನ್ನು ನೋಡಿ ನಗುತ್ತಾಳೆ. ಮೊದಲ ವಾರ ಒಂಬತ್ತು ಮಂದಿ ಬಂದಿದ್ದರು, ಈಗ ಮೂವತ್ತು ದಾಟಿದೆ. ಮೊಣಕಾಲಿನ ತೊಂದರೆ, ಉಬ್ಬಸ ಇರುವ ಮಕ್ಕಳ ಹೆತ್ತವರು ಡಾಕ್ಟರರನ್ನು ಕೇಳಿಯೇ ಕಳುಹಿಸಬೇಕು. ಬುಧವಾರಗಳಂದು ಶಾಲಾ ವಾಹನದ ಎರಡನೆಯ ಟ್ರಿಪ್ ಐದು ಗಂಟೆಗೆ ಹೊರಡುತ್ತದೆ. ಮಕ್ಕಳ ಕಾಲಿಗೆ ಚಪ್ಪಲಿಯ ಬದಲು ಕ್ಯಾನ್ವಾಸ್ ಶೂ ಇರಲಿ. ಇಲ್ಲದವರು ಬರಿಗಾಲಲ್ಲಿಯೇ ಬರಬಹುದು, ಮೈದಾನದ ಕಲ್ಲುಗಳನ್ನು ನಾವು ಹೆಕ್ಕಿ ತೆಗೆದಿದ್ದೇವೆ.